ನೀಲಿ ಡಾಬರ್‌ಮನ್ ಮರಿಯ ಕೂದಲು ಏಕೆ ಉದುರುತ್ತದೆ: ಕೊಳ್ಳುವವರಿಗೆ, ಸಾಕುವವರಿಗೆ ಮತ್ತು ಮರಿ ಮಾಡಿಸುವವರಿಗೆ ಒಂದು ಮಾರ್ಗದರ್ಶಿ

‘ಬ್ಲೂ’ ಎಂಬ ಹೆಸರಿನಲ್ಲಿ ಹೆಚ್ಚಿನ ಬೆಲೆಗೆ ಮಾರಾಟವಾಗುವ ಡಾಬರ್‌ಮನ್ ಮರಿ ಎಂಟು ವಾರದ ವಯಸ್ಸಿನಲ್ಲಿ ನೋಡಲು ಬಹಳ ಚೆಂದ. ಉಕ್ಕಿನಂತಹ ಬೂದು ಬಣ್ಣದ ಕೂದಲು ಮೈತುಂಬ ಇರುತ್ತದೆ. ಹುಬ್ಬು, ಮೂತಿ, ಎದೆ ಮತ್ತು ಕಾಲುಗಳ ಮೇಲಿನ ಕೆಂಗಂದು ಗುರುತುಗಳು ಎದ್ದು ಕಾಣುತ್ತವೆ. ಆದರೆ ಈ ಬಣ್ಣದ ಡಾಬರ್‌ಮನ್‌ಗಳಲ್ಲಿ ಬಹುಪಾಲು ನಾಯಿಗಳಿಗೆ ಬೆಳೆಯುತ್ತಾ ಬೆನ್ನಿನ ಮತ್ತು ಪಕ್ಕೆಯ ಕೂದಲು ತೆಳುವಾಗಿ, ಹೊಟ್ಟು ಎದ್ದು, ಕೊನೆಗೆ ಬೂದು ಚರ್ಮವೇ ಬಯಲಾಗುತ್ತದೆ. ಪಶುವೈದ್ಯರು ಇದನ್ನು ಕಲರ್ ಡೈಲ್ಯೂಷನ್ ಅಲೊಪೀಶಿಯಾ ಎಂದು ಕರೆಯುತ್ತಾರೆ. ಬಣ್ಣ ತಿಳಿಯಾಗಲು ಕಾರಣವಾದ ವಂಶವಾಹಿ ದೋಷವೇ ಈ ಕೂದಲುದುರುವಿಕೆಗೂ ಮೂಲವಾದುದರಿಂದ ಇದನ್ನು ಗುಣಪಡಿಸುವ ಔಷಧವಿಲ್ಲ. ತಡೆಯುವ ದಾರಿ ಮಾತ್ರ ಇದೆ, ಮತ್ತು ಅದು ಗಂಡುಹೆಣ್ಣು ನಾಯಿಗಳನ್ನು ಕೂಡಿಸುವ ಮೊದಲು ಮಾಡಿಸಬೇಕಾದ ಒಂದು ಸರಳ ಪರೀಕ್ಷೆಯಲ್ಲಿದೆ.

ಇಲ್ಲಿ ಡಾಬರ್‌ಮನ್ ತಳಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಈ ತೊಂದರೆ ಅದರಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಬೂದು ಬಣ್ಣದ ಗ್ರೇಟ್ ಡೇನ್, ಡ್ಯಾಶ್‌ಹಂಡ್, ವಿಪೆಟ್, ಇಟಾಲಿಯನ್ ಗ್ರೇಹೌಂಡ್, ಚಿವಾವಾ ಮತ್ತು ಈಚೆಗೆ ನಗರಗಳಲ್ಲಿ ಬಹಳ ಬೇಡಿಕೆಯಲ್ಲಿರುವ ಬ್ಲೂ ಫ್ರೆಂಚ್ ಬುಲ್‌ಡಾಗ್ ಸಾಕುವವರಿಗೂ ಇದೇ ಕ್ರಮ ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಬಣ್ಣವನ್ನು ಸರಿಯಾಗಿ ಗುರುತಿಸುವುದು

ಬ್ಲೂ ಎಂದು ಕರೆಸಿಕೊಳ್ಳುವ ಎಲ್ಲ ನಾಯಿಗಳೂ ಈ ಗುಂಪಿಗೆ ಸೇರುವುದಿಲ್ಲ. ಬ್ಲೂ ಮರ್ಲ್ ಎಂಬುದು ಬೇರೆಯೇ ವಂಶವಾಹಿಯ ಕೆಲಸ. ಅದರಲ್ಲಿ ಬೂದು ಮೈಮೇಲೆ ಕಪ್ಪು ತೇಪೆಗಳಿರುತ್ತವೆ. ಕೆರಿ ಬ್ಲೂ ಟೆರಿಯರ್ ಕಪ್ಪಾಗಿಯೇ ಹುಟ್ಟಿ ಬೆಳೆಯುತ್ತಾ ನರೆಯುತ್ತದೆ. ಆಸ್ಟ್ರೇಲಿಯನ್ ಕ್ಯಾಟಲ್ ಡಾಗ್‌ನಲ್ಲಿ ಕಪ್ಪು ಮತ್ತು ಬಿಳಿ ಕೂದಲು ಬೆರೆತು ದೂರದಿಂದ ನೀಲಿಯಾಗಿ ತೋರುತ್ತದೆ. ಈ ಮೂರರಲ್ಲಿಯೂ ನಾವಿಲ್ಲಿ ಮಾತನಾಡುತ್ತಿರುವ ದೋಷವಿಲ್ಲ.

ನಿಜವಾದ ತಿಳಿಬಣ್ಣದ ಮರಿಯನ್ನು ಗುರುತಿಸಲು ಮೂಗನ್ನು ನೋಡಬೇಕು. ಮರಿಯನ್ನು ಟ್ಯೂಬ್‌ಲೈಟಿನ ಕೆಳಗಲ್ಲ, ಬೆಳಗಿನ ಬಯಲು ಬೆಳಕಿಗೆ ತಂದು, ಸಾಧ್ಯವಾದರೆ ಅದೇ ಸೂಲಿನ ಕಪ್ಪು ಮರಿಯ ಪಕ್ಕದಲ್ಲಿ ಹಿಡಿಯಿರಿ. ಕಪ್ಪು ಮರಿಯ ಮೂಗು, ತುಟಿಯ ಅಂಚು, ಕಣ್ಣಿನ ರೆಪ್ಪೆಯಂಚು ಮತ್ತು ಅಂಗಾಲಿನ ಮೆತ್ತೆಗಳು ಅಚ್ಚಗಪ್ಪಾಗಿರುತ್ತವೆ. ನೀಲಿ ಮರಿಯಲ್ಲಿ ಇವೆಲ್ಲವೂ ಸ್ಲೇಟಿನ ಬಣ್ಣಕ್ಕಿರುತ್ತವೆ. ಕಂದು ಬಣ್ಣವೂ ಹೀಗೆಯೇ ತಿಳಿಯಾಗಬಲ್ಲದು. ಆಗ ಸಿಗುವ ಮಾಸಲು, ನಸುಗೆಂಪು ಛಾಯೆಯ ಬೂದುಬಣ್ಣವನ್ನು ಡಾಬರ್‌ಮನ್‌ನಲ್ಲಿ ಫಾನ್ ಅಥವಾ ಇಸಬೆಲ್ಲಾ ಎನ್ನುತ್ತಾರೆ. ಲ್ಯಾಬ್ರಡಾರ್‌ನಲ್ಲಿ ‘ಸಿಲ್ವರ್’ ಎಂದು ಮಾರಾಟವಾಗುವುದೂ ತಿಳಿಯಾದ ಚಾಕೊಲೇಟ್ ಬಣ್ಣವೇ. ಇವೂ ಅಪಾಯದ ಗುಂಪಿಗೇ ಸೇರುತ್ತವೆ.

ಎರಡನೆಯ ಹೆಜ್ಜೆ: ಬಣ್ಣದ ಹಿಂದಿನ ಕಾರಣವನ್ನು ತಿಳಿದುಕೊಳ್ಳುವುದು

ಕೂದಲಿಗೆ ಕಪ್ಪು ಅಥವಾ ಕಂದು ಬಣ್ಣ ಕೊಡುವ ವರ್ಣದ್ರವ್ಯವು ಕೂದಲಿನ ಬುಡದಲ್ಲಿರುವ ವರ್ಣಕೋಶಗಳಲ್ಲಿ ಮೆಲನೊಸೋಮ್ ಎಂಬ ಸೂಕ್ಷ್ಮ ಕಣಗಳಾಗಿ ತಯಾರಾಗುತ್ತದೆ. ಈ ಕಣಗಳು ವರ್ಣಕೋಶದ ನಡುಭಾಗದಿಂದ ಅದರ ಕವಲುಗಳ ತುದಿಗೆ ಸಾಗಿ, ಅಲ್ಲಿಂದ ಬೆಳೆಯುತ್ತಿರುವ ಕೂದಲಿನೊಳಗೆ ಸಮನಾಗಿ ಸೇರಬೇಕು. ಸಾಗಾಟಕ್ಕೆ ಮೂರು ಪ್ರೋಟೀನುಗಳು ಕೈಜೋಡಿಸುತ್ತವೆ: ಕಣದ ಮೇಲೆ ಕೂರುವ ರ‍್ಯಾಬ್ 27ಎ, ಅದನ್ನು ಎಳೆದೊಯ್ಯುವ ಮಯೊಸಿನ್ 5ಎ, ಮತ್ತು ಇವೆರಡನ್ನೂ ಬೆಸೆಯುವ ಮೆಲನೊಫಿಲಿನ್. ನೀಲಿ ನಾಯಿಯಲ್ಲಿ ಕೆಟ್ಟಿರುವುದು ಈ ಬೆಸುಗೆಯ ಪ್ರೋಟೀನು. ಕಣಗಳು ತಯಾರಾಗುತ್ತವೆ, ಆದರೆ ಹರಡದೆ ಗುಂಪುಗೂಡಿ ದೊಡ್ಡ ದೊಡ್ಡ ಉಂಡೆಗಳಾಗಿ ಕೂದಲಿಗೆ ಸೇರುತ್ತವೆ. ಅಂಬಲಿಯಲ್ಲಿ ರಾಗಿಹಿಟ್ಟು ಕದಡದೆ ಗಂಟುಗಟ್ಟಿದರೆ, ಹಾಕಿದ ಹಿಟ್ಟು ಅಷ್ಟೇ ಇದ್ದರೂ ಗಂಟುಗಳ ನಡುವಿನ ನೀರು ತೆಳ್ಳಗೆ ಕಾಣುವಂತೆ, ವರ್ಣದ್ರವ್ಯ ಇದ್ದೂ ಕೂದಲು ಬೂದಾಗಿ ಕಾಣುತ್ತದೆ.

ಬಣ್ಣದ ಮಟ್ಟಕ್ಕೆ ಇದು ನಿಂತಿದ್ದರೆ ತೊಂದರೆಯಿರಲಿಲ್ಲ. ಆದರೆ ದೊಡ್ಡ ಉಂಡೆಗಳಿರುವ ಕಡೆ ಕೂದಲಿನ ಎಳೆ ಉಬ್ಬಿ, ಹೊರಪದರ ಬಿರಿದು, ಅಲ್ಲಿಯೇ ಮುರಿಯುತ್ತದೆ. ರೋಮಕೂಪದ ಗೋಡೆಯೂ ಕ್ರಮೇಣ ವಿಕಾರಗೊಂಡು, ಸತ್ತ ಚರ್ಮದ ಪದರಗಳಿಂದ ತುಂಬಿ ಮುಚ್ಚಿಕೊಳ್ಳುತ್ತದೆ. ಆ ಬಳಿಕ ಅಲ್ಲಿಂದ ಹೊಸ ಕೂದಲು ಬರುವುದು ನಿಲ್ಲುತ್ತದೆ. ಕೆಂಗಂದು ಗುರುತುಗಳ ಕೂದಲಿನಲ್ಲಿರುವುದು ಬೇರೆ ಬಗೆಯ ವರ್ಣದ್ರವ್ಯವಾದ್ದರಿಂದ ಅವು ಕೊನೆಯವರೆಗೂ ಚೆನ್ನಾಗಿಯೇ ಉಳಿಯುತ್ತವೆ. ಬೆನ್ನು ಬೋಳಾದ ನಾಯಿಯ ಹುಬ್ಬಿನ ಮೇಲಿನ ಎರಡು ಕೆಂಪು ಬೊಟ್ಟುಗಳು ಮಾತ್ರ ದಟ್ಟವಾಗಿರುವುದು ಈ ರೋಗವನ್ನು ಗುರುತಿಸಲು ಒಳ್ಳೆಯ ಸುಳಿವು.

ಮೆಲನೊಫಿಲಿನ್ ವಂಶವಾಹಿಯಲ್ಲಿ ಬಹುತೇಕ ತಳಿಗಳಿಗೆ ಅನ್ವಯಿಸುವ ಬದಲಾವಣೆಯನ್ನು 2007ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಆನಂತರ 2018 ಮತ್ತು 2020ರಲ್ಲಿ ಇನ್ನೆರಡು ಬದಲಾವಣೆಗಳು ವರದಿಯಾದವು. ಎರಡನೆಯದು ಚೌ ಚೌ, ಸ್ಲೂಗಿ ಮತ್ತು ಥಾಯ್ ರಿಡ್ಜ್‌ಬ್ಯಾಕ್‌ಗಳಲ್ಲಿ, ಮೂರನೆಯದು ಚಿವಾವಾ, ಇಟಾಲಿಯನ್ ಗ್ರೇಹೌಂಡ್ ಮೊದಲಾದ ತಳಿಗಳಲ್ಲಿ ಕಂಡುಬಂತು. ಪರೀಕ್ಷೆಗೆ ಕಳಿಸುವಾಗ ಪ್ರಯೋಗಾಲಯವು ಮೂರನ್ನೂ ನೋಡುತ್ತದೆಯೇ ಎಂದು ಕೇಳಬೇಕಾದುದು ಈ ಕಾರಣಕ್ಕಾಗಿ.

ಒಂದು ಮಾತನ್ನು ಇಲ್ಲಿ ನ್ಯಾಯವಾಗಿ ಹೇಳಬೇಕು. ತಿಳಿಬಣ್ಣವಿದ್ದ ಮಾತ್ರಕ್ಕೆ ಕೂದಲು ಉದುರಲೇಬೇಕೆಂದಿಲ್ಲ. ವೈಮರಾನರ್ ತಳಿಯ ನಾಯಿಗಳು ಈ ಬಣ್ಣದವೇ ಆದರೂ ಅವುಗಳಿಗೆ ಈ ರೋಗ ಸಾಮಾನ್ಯವಾಗಿ ಬರುವುದಿಲ್ಲ. ಬೂದು ಬೆಕ್ಕುಗಳಲ್ಲಿ ಕೆಟ್ಟಿರುವುದೂ ಇದೇ ವಂಶವಾಹಿ, ಆದರೆ ಅವುಗಳ ತುಪ್ಪಳಕ್ಕೆ ಏನೂ ಆಗುವುದಿಲ್ಲ. ಮೆಲನೊಫಿಲಿನ್ ಜೊತೆಗೆ ಬೇರೇನೋ ಒಂದು ಅಂಶವೂ ಸೇರಿದಾಗ ಮಾತ್ರ ರೋಗ ಕಾಣಿಸಿಕೊಳ್ಳುತ್ತದೆ. ಡಾಬರ್‌ಮನ್ ತಳಿಯಲ್ಲಿ ಅದು ಸೇರುವ ಸಂಭವ ತೀರಾ ಹೆಚ್ಚು.

ಮೂರನೆಯ ಹೆಜ್ಜೆ: ಮರಿಗಳ ಬಣ್ಣದ ಲೆಕ್ಕ

ಪ್ರತಿ ನಾಯಿಗೂ ಈ ವಂಶವಾಹಿಯ ಎರಡು ಪ್ರತಿಗಳು ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಸರಿಯಾಗಿ ಕೆಲಸ ಮಾಡುವುದನ್ನು ಗಾಢ ಪ್ರತಿ, ಕೆಟ್ಟುದನ್ನು ತಿಳಿ ಪ್ರತಿ ಎಂದು ಕರೆಯೋಣ. ಒಂದೇ ಒಂದು ಗಾಢ ಪ್ರತಿ ಇದ್ದರೂ ನಾಯಿ ಕಪ್ಪಾಗಿಯೇ ಇರುತ್ತದೆ. ಎರಡೂ ತಿಳಿಯಾದಾಗ ಮಾತ್ರ ನೀಲಿಯಾಗುತ್ತದೆ. ಒಂದು ಗಾಢ, ಒಂದು ತಿಳಿ ಪ್ರತಿಯಿರುವ ಕಪ್ಪು ನಾಯಿಯೇ ವಾಹಕ. ಅದಕ್ಕೆ ಕೂದಲಿನ ತೊಂದರೆ ಇರುವುದಿಲ್ಲ, ನೋಡಿ ಕಂಡುಹಿಡಿಯಲೂ ಆಗುವುದಿಲ್ಲ.

ಎರಡು ವಾಹಕ ನಾಯಿಗಳನ್ನು ಕೂಡಿಸಿದರೆ ಪ್ರತಿ ಮರಿಯೂ ನೀಲಿಯಾಗುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು, ದೋಷಮುಕ್ತವಾಗುವ ಸಂಭವ ನಾಲ್ಕರಲ್ಲಿ ಒಂದು. ಇದು ಪ್ರತಿ ಮರಿಗೂ ಪ್ರತ್ಯೇಕವಾದ ಲೆಕ್ಕವೇ ಹೊರತು ಎಂಟು ಮರಿಗಳಲ್ಲಿ ಎರಡು ನೀಲಿ ಹುಟ್ಟಿಯೇ ತೀರುತ್ತವೆ ಎಂಬ ಕರಾರಲ್ಲ. ಎಂಟು ಮರಿಗಳ ಸೂಲಿನಲ್ಲಿ ಒಂದೂ ನೀಲಿಯಿಲ್ಲದಿರುವ ಸಂಭವವೇ ಸುಮಾರು ಶೇ 10ರಷ್ಟಿದೆ. ಆದ್ದರಿಂದ ‘ಹೋದ ಸಲ ಎಲ್ಲವೂ ಕಪ್ಪೇ ಹುಟ್ಟಿದವು, ನಮ್ಮ ನಾಯಿಗೆ ದೋಷವಿಲ್ಲ’ ಎಂಬ ಮಾತನ್ನು ಪುರಾವೆಯಾಗಿ ಒಪ್ಪಬಾರದು. ಇನ್ನೊಂದು ಕಡೆಯಿಂದ ನೋಡಿದರೆ, ಒಂದು ಸೂಲಿನಲ್ಲಿ ಒಂದೇ ಒಂದು ನೀಲಿ ಮರಿ ಹುಟ್ಟಿದರೂ ಸಾಕು, ತಂದೆತಾಯಿ ಇಬ್ಬರಲ್ಲೂ ತಿಳಿ ಪ್ರತಿ ಇದೆಯೆಂದು ಸಿದ್ಧವಾಗುತ್ತದೆ. ವಾಹಕ ಜೋಡಿಯ ಆ ಸೂಲಿನ ಪ್ರತಿ ಕಪ್ಪು ಮರಿಯೂ ವಾಹಕವಾಗಿರುವ ಸಂಭವ ಮೂರರಲ್ಲಿ ಎರಡು.

ವಾಹಕವನ್ನು ದೋಷಮುಕ್ತ ನಾಯಿಯೊಂದಿಗೆ ಕೂಡಿಸಿದರೆ ಒಂದೂ ನೀಲಿ ಮರಿ ಹುಟ್ಟುವುದಿಲ್ಲ, ಸರಾಸರಿ ಅರ್ಧದಷ್ಟು ವಾಹಕಗಳಾಗುತ್ತವೆ. ನೀಲಿಯನ್ನು ದೋಷಮುಕ್ತ ಕಪ್ಪಿನೊಂದಿಗೆ ಕೂಡಿಸಿದರೆ ಎಲ್ಲವೂ ವಾಹಕಗಳು. ನೀಲಿಗೆ ನೀಲಿ ಕೂಡಿದರೆ ಎಲ್ಲವೂ ತಿಳಿಬಣ್ಣದವು.

ಡಾಬರ್‌ಮನ್‌ನಲ್ಲಿ ಕಪ್ಪು–ಕಂದು ನಿರ್ಧರಿಸುವ ಇನ್ನೊಂದು ವಂಶವಾಹಿಯೂ ಇದರ ಜೊತೆ ಸ್ವತಂತ್ರವಾಗಿ ಕೆಲಸ ಮಾಡುತ್ತದೆ. ಎರಡಕ್ಕೂ ವಾಹಕಗಳಾದ ಎರಡು ಕಪ್ಪು ನಾಯಿಗಳನ್ನು ಕೂಡಿಸಿದರೆ, ಸರಾಸರಿ 16 ಮರಿಗಳಲ್ಲಿ 9 ಕಪ್ಪು, 3 ಕಂದು, 3 ನೀಲಿ ಮತ್ತು 1 ಫಾನ್ ನಿರೀಕ್ಷಿಸಬಹುದು. ಫಾನ್ ‘ಅಪರೂಪ’ವಾಗಿರುವುದು ಈ ಲೆಕ್ಕದ ಕಾರಣದಿಂದಲೇ ಹೊರತು ಅದರ ಗುಣದಿಂದಲ್ಲ, ಅಪರೂಪಕ್ಕೆಂದು ಕೊಡುವ ಹೆಚ್ಚಿನ ಹಣಕ್ಕೆ ಪ್ರತಿಯಾಗಿ ಕೊಳ್ಳುವವರು ಪಡೆಯುವುದು ರೋಗದ ಹೆಚ್ಚಿನ ಸಂಭವವನ್ನು. ಅಮೆರಿಕನ್ ಕೆನಲ್ ಕ್ಲಬ್ ನಾಲ್ಕೂ ಬಣ್ಣಗಳನ್ನು ಒಪ್ಪುತ್ತದೆಯಾದರೂ, ಈ ತಳಿಯ ತವರಾದ ಜರ್ಮನಿಯಲ್ಲಿಯೂ ಕೆನಲ್ ಕ್ಲಬ್‌ಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಎಫ್‌ಸಿಐಯ ಮಾನದಂಡ ಪಾಲಿಸುವ ಇತರ ಕಡೆಗಳಲ್ಲಿಯೂ ಕಪ್ಪು ಮತ್ತು ಕಂದು ಎರಡಕ್ಕೇ ಮನ್ನಣೆ. ಈ ವಿಷಯದಲ್ಲಿ ನನಗೆ ಎಫ್‌ಸಿಐ ನಿಲುವೇ ಸರಿಯೆನಿಸುತ್ತದೆ.

ನಾಲ್ಕನೆಯ ಹೆಜ್ಜೆ: ಕೊಳ್ಳುವ ಮುನ್ನ ಕೇಳಬೇಕಾದುದು

ತಂದೆತಾಯಿ ಎರಡೂ ನಾಯಿಗಳನ್ನು, ಸಾಧ್ಯವಾದರೆ ಅದೇ ಜೋಡಿಯ ಹಿಂದಿನ ಸೂಲಿನ ಎರಡು ವರ್ಷ ದಾಟಿದ ಒಂದು ನೀಲಿ ನಾಯಿಯನ್ನು ನೋಡಬೇಕೆಂದು ಕೇಳಿ. ಮರಿಯನ್ನಷ್ಟೇ ನೋಡಿ ಏನೂ ಹೇಳಲಾಗದು, ಏಕೆಂದರೆ ಹುಟ್ಟುವಾಗ ಕೂದಲು ಸರಿಯಾಗಿಯೇ ಇರುತ್ತದೆ. ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟಕ್ಕೆ ಸಂಬಂಧಿಸಿದ ಕೇಂದ್ರ ಸರ್ಕಾರದ 2017ರ ನಿಯಮಗಳ ಪ್ರಕಾರ ಬ್ರೀಡರ್‌ಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ನೋಂದಣಿ ಪತ್ರವನ್ನು ಕೇಳಲು ಸಂಕೋಚಪಡಬೇಡಿ. ಡಾಬರ್‌ಮನ್ ವಿಷಯದಲ್ಲಿ ಬಣ್ಣಕ್ಕಿಂತ ಮೊದಲು ಕೇಳಬೇಕಾದುದು ತಂದೆತಾಯಿಯ ಹೃದಯ ಪರೀಕ್ಷೆಯ ವರದಿ. ಹೃದಯದ ಸ್ನಾಯು ದುರ್ಬಲವಾಗುವ ರೋಗ ಈ ತಳಿಯನ್ನು ಕೂದಲುದುರುವಿಕೆಗಿಂತ ಎಷ್ಟೋ ಪಾಲು ಹೆಚ್ಚಾಗಿ ಕಾಡುತ್ತಿದೆ. ಬಣ್ಣವನ್ನಷ್ಟೇ ನೋಡಿ ಮರಿ ಮಾಡಿಸುವವರ ಬಳಿ ಆ ವರದಿ ಇರುವುದು ಅಪರೂಪ.

ಐದನೆಯ ಹೆಜ್ಜೆ: ಮರಿಯ ಮೈಯನ್ನು ಗಮನಿಸುತ್ತಿರುವುದು

ಮರಿ ಈಗಾಗಲೇ ಮನೆಗೆ ಬಂದಿದ್ದರೆ ತಿಂಗಳಿಗೊಮ್ಮೆ ಹಗಲು ಬೆಳಕಿನಲ್ಲಿ ಬೆನ್ನು ಮತ್ತು ಎರಡೂ ಪಕ್ಕೆಗಳ ಚಿತ್ರ ತೆಗೆದಿಡಿ. ರೋಗ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ತೋರುತ್ತದೆ; ಬಣ್ಣ ತಿಳಿಯಾದಷ್ಟೂ ಬೇಗ, ಗಾಢವಾದ ಉಕ್ಕಿನ ಬಣ್ಣದವುಗಳಲ್ಲಿ ತಡವಾಗಿ. ಮೊದಲು ಬೆನ್ನಿನ ನಡುಗೆರೆಯ ಕೂದಲು ಹೊಳಪು ಕಳೆದುಕೊಂಡು ಒರಟಾಗುತ್ತದೆ, ಕೈಯಾಡಿಸಿದರೆ ಮೊಂಡು ತುದಿಗಳು ತಾಕುತ್ತವೆ. ಬಳಿಕ ಹೊಟ್ಟು, ಕಪ್ಪು ಚುಕ್ಕೆಯಂತಹ ಮುಚ್ಚಿದ ರೋಮಕೂಪಗಳು, ಸಣ್ಣ ಗುಳ್ಳೆಗಳು ಕಾಣುತ್ತವೆ. ತಲೆ ಮತ್ತು ಕಾಲುಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಆರಂಭದಲ್ಲಿ ತುರಿಕೆ ಇರುವುದಿಲ್ಲ. ತುರಿಕೆ ಶುರುವಾದರೆ ಸೋಂಕು ಸೇರಿದೆ ಎಂದರ್ಥ, ಇಲ್ಲವೇ ರೋಗವೇ ಬೇರೆ.

ಆರನೆಯ ಹೆಜ್ಜೆ: ಪಶುವೈದ್ಯರಲ್ಲಿ ಮಾಡಿಸಬೇಕಾದ ಪರೀಕ್ಷೆಗಳು

ಈ ಹಂತದಲ್ಲಿ ಅವಸರ ಮಾಡಬಾರದು. ನಾಯಿ ನೀಲಿ, ಕೂದಲು ಉದುರುತ್ತಿದೆ, ಆದ್ದರಿಂದ ಇದು ವಂಶದ ರೋಗ ಎಂದು ತೀರ್ಮಾನಿಸಿಬಿಟ್ಟರೆ, ಗುಣವಾಗಬಹುದಾದ ಕಾಯಿಲೆಗಳು ಕಣ್ತಪ್ಪುತ್ತವೆ. ಮರಿಗಳಲ್ಲಿ ಕೂದಲು ಉದುರಿಸುವ ಡೆಮೊಡೆಕ್ಸ್ ಎಂಬ ನುಸಿ ನೀಲಿ ನಾಯಿಯನ್ನೂ ಹಿಡಿಯುತ್ತದೆ, ಹುಳಕಡ್ಡಿಯೂ ಹಿಡಿಯುತ್ತದೆ. ನಡುವಯಸ್ಸಿನ ಡಾಬರ್‌ಮನ್‌ಗಳಲ್ಲಿ ಥೈರಾಯ್ಡ್ ಕೊರತೆ ಸಾಮಾನ್ಯ.

ಮೊದಲನೆಯದಾಗಿ ಚರ್ಮವನ್ನು ಆಳವಾಗಿ ಕೆರೆದು ನುಸಿ ನೋಡಬೇಕು. ಸಣ್ಣಗೆ ರಕ್ತ ಒಸರುವಷ್ಟು ಕೆರೆಯದಿದ್ದರೆ ರೋಮಕೂಪದೊಳಗಿರುವ ಡೆಮೊಡೆಕ್ಸ್ ಸಿಗುವುದಿಲ್ಲ, ಆದ್ದರಿಂದ ವೈದ್ಯರು ಹಾಗೆ ಮಾಡಿದಾಗ ಗಾಬರಿಯಾಗಬೇಕಿಲ್ಲ. ಎರಡನೆಯದು ಶಿಲೀಂಧ್ರದ ಕಲ್ಚರ್, ಅಂದರೆ ಹುಳಕಡ್ಡಿ ತರುವ ಶಿಲೀಂಧ್ರವಿದೆಯೇ ಎಂದು ಕೂದಲಿನ ಮಾದರಿಯಿಂದ ಬೆಳೆಸಿ ನೋಡುವ ಪರೀಕ್ಷೆ. ಫಲಿತಾಂಶಕ್ಕೆ ಎರಡು ಮೂರು ವಾರ ಹಿಡಿಯಬಹುದು. ನೇರಳಾತೀತ ಬೆಳಕಿನ ದೀಪದಲ್ಲಿ ಏನೂ ಹೊಳೆಯಲಿಲ್ಲ ಎಂಬುದು ಹುಳಕಡ್ಡಿ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ, ಏಕೆಂದರೆ ಹಲವು ಬಗೆಯ ಶಿಲೀಂಧ್ರಗಳು ಅದರಲ್ಲಿ ಹೊಳೆಯುವುದೇ ಇಲ್ಲ. ನಾಯಿ ದಪ್ಪವಾಗುತ್ತಾ ಮಂಕಾಗಿದ್ದರೆ ಥೈರಾಯ್ಡ್ ನೋಡಿಸಬೇಕು. ಬೇರೆ ಕಾಯಿಲೆಯಿದ್ದಾಗಲೂ ಥೈರಾಯ್ಡ್ ಹಾರ್ಮೋನಾದ ಟಿ4ರ ಪ್ರಮಾಣ ಇಳಿಯುವುದರಿಂದ ಅದೊಂದನ್ನೇ ನಂಬಿ ಜೀವನಪೂರ್ತಿ ಮಾತ್ರೆ ಶುರುಮಾಡುವುದು ಸರಿಯಲ್ಲ, ಥೈರಾಯ್ಡನ್ನು ಪ್ರಚೋದಿಸುವ ಟಿಎಸ್‌ಎಚ್ ಹಾರ್ಮೋನಿನ ಪರೀಕ್ಷೆ ಕೂಡ ಬೇಕು.

ಇವೆಲ್ಲ ಇಲ್ಲವೆಂದಾದ ಮೇಲೆ ಕೂದಲನ್ನೇ ನೋಡುವ ಸರದಿ. ತೆಳುವಾಗುತ್ತಿರುವ ಜಾಗದ ಅಂಚಿನಿಂದ ಹತ್ತಾರು ಕೂದಲನ್ನು ಬುಡಸಮೇತ ಕಿತ್ತು, ಗಾಜಿನ ಮೇಲೆ ಎಣ್ಣೆಯ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ವೈದ್ಯರನ್ನು ಕೇಳಿ ನೀವೂ ಒಮ್ಮೆ ನೋಡಿ. ಆರೋಗ್ಯವಂತ ಕಪ್ಪು ಕೂದಲಿನಲ್ಲಿ ಬಣ್ಣ ಉದ್ದಕ್ಕೂ ಸಮನಾಗಿ ತುಂಬಿರುತ್ತದೆ. ಇಲ್ಲಿ ಅರೆಪಾರದರ್ಶಕ ಎಳೆಯೊಳಗೆ ಅಲ್ಲಲ್ಲಿ ಕಪ್ಪು ಗಡ್ಡೆಗಳು, ಕೆಲವೆಡೆ ಗಡ್ಡೆಯ ಒತ್ತಡಕ್ಕೆ ಎಳೆಯೇ ಒಂದು ಬದಿಗೆ ಉಬ್ಬಿ ಸಿಪ್ಪೆ ಬಿರಿದಿರುವುದು ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕೂದಲು ಉದುರದ ನೀಲಿ ನಾಯಿಗಳಲ್ಲಿಯೂ ಸ್ವಲ್ಪಮಟ್ಟಿಗೆ ಇಂತಹ ಗಡ್ಡೆಗಳಿರುವುದರಿಂದ, ಅನುಮಾನ ಉಳಿದರೆ ಚರ್ಮದ ಬಯಾಪ್ಸಿಯೇ ಅಂತಿಮ. ಅದನ್ನು ಓದಲು ಅನುಭವಿ ರೋಗಶಾಸ್ತ್ರಜ್ಞರು ಬೇಕು; ಹೆಬ್ಬಾಳ, ಶಿವಮೊಗ್ಗ, ಹಾಸನ ಮತ್ತು ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಬಹುದು.

ಇದಕ್ಕೆಲ್ಲ ಮೊದಲೇ ಔಷಧದ ಅಂಗಡಿಯಿಂದ ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯೋಟಿಕ್ ಮೂರೂ ಬೆರೆತ ಮುಲಾಮನ್ನು ತಂದು ಹಚ್ಚುವ ರೂಢಿ ನಮ್ಮಲ್ಲಿ ವ್ಯಾಪಕವಾಗಿದೆ. ಅದರಿಂದ ಚರ್ಮ ಇನ್ನಷ್ಟು ತೆಳುವಾಗುತ್ತದೆ, ನುಸಿಯಿದ್ದರೆ ಹೆಚ್ಚುತ್ತದೆ, ಕಲ್ಚರ್ ಫಲಿತಾಂಶವೂ ಕೆಡುತ್ತದೆ. ಇನ್ನು ಕಜ್ಜಿಗೆಂದು ಹಳೆಯ ಎಂಜಿನ್ ಆಯಿಲ್, ಸೀಮೆಎಣ್ಣೆ ಬಳಿಯುವುದು ನೇರವಾಗಿ ವಿಷ ಹಾಕಿದಂತೆ. ನಾಯಿ ತನ್ನ ಮೈಯನ್ನು ನೆಕ್ಕಿಕೊಳ್ಳುತ್ತದೆ ಎಂಬುದನ್ನು ಮರೆಯಬಾರದು.

ಏಳನೆಯ ಹೆಜ್ಜೆ: ದಿನನಿತ್ಯದ ಆರೈಕೆ

ರೋಗ ಖಚಿತವಾದ ಮೇಲೆ ಮಾಡಬೇಕಾದುದು ಉಳಿದ ಕೂದಲು ಮುರಿಯದಂತೆ, ಚರ್ಮಕ್ಕೆ ಸೋಂಕು ತಗುಲದಂತೆ ನೋಡಿಕೊಳ್ಳುವುದು. ಗಟ್ಟಿ ಬ್ರಷ್ ಮತ್ತು ರಬ್ಬರ್ ಕೈಗವಸನ್ನು ಬಿಟ್ಟು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಬಿಗಿಯಾದ ಹಾರ್ನೆಸ್ ಪಕ್ಕೆಗೆ ಉಜ್ಜಿದ ಕಡೆ ಕೂದಲು ಬೇಗ ಹೋಗುತ್ತದೆ. ಸ್ನಾನಕ್ಕೆ ಉಗುರುಬೆಚ್ಚನೆಯ ನೀರು, ನಾಯಿಗೆಂದೇ ತಯಾರಾದ ಮೃದು ಶಾಂಪೂ ಸಾಕು. ಗುಳ್ಳೆಗಳು ಕಂಡಾಗ ವೈದ್ಯರು ಕ್ಲೋರ್‌ಹೆಕ್ಸಿಡಿನ್ ಶಾಂಪೂ ಸೂಚಿಸಬಹುದು. ಅದನ್ನು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದರೆ ಮಾತ್ರ ಪ್ರಯೋಜನ. ತೆಂಗಿನೆಣ್ಣೆಯನ್ನು ದಪ್ಪಗೆ ಹಚ್ಚುವುದರಿಂದ ಮೊದಲೇ ಮುಚ್ಚಿರುವ ರೋಮಕೂಪಗಳು ಮತ್ತಷ್ಟು ಮುಚ್ಚುತ್ತವೆ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಮೈ ಒದ್ದೆಯಾಗಿ ಉಳಿಯದಂತೆ ಪ್ರತಿ ಸಲ ಒರೆಸಬೇಕು.

ಕೂದಲಿಲ್ಲದ ಚರ್ಮ ಬಿಸಿಲಿಗೆ ಸುಡುತ್ತದೆ. ತಿರುಗಾಟವನ್ನು ಬೆಳಗ್ಗೆ ಮತ್ತು ಸಂಜೆಗೆ ಇಟ್ಟುಕೊಳ್ಳಿ, ಅಗತ್ಯವಿದ್ದರೆ ತೆಳು ಹತ್ತಿ ಅಂಗಿ ತೊಡಿಸಿ. ಮನುಷ್ಯರ ಸನ್‌ಸ್ಕ್ರೀನ್‌ಗಳಲ್ಲಿರುವ ಜಿಂಕ್ ಆಕ್ಸೈಡ್ ನೆಕ್ಕಿದರೆ ಅಪಾಯ. ಚಳಿಗಾಲದ ರಾತ್ರಿಗಳಲ್ಲಿ ಸ್ವೆಟರ್ ಬೇಕಾಗುತ್ತದೆ.

ಆಹಾರದಲ್ಲಿ ಒಮೆಗಾ-3 ಕೊಬ್ಬು ಚರ್ಮದ ಒಣಗುವಿಕೆಯನ್ನು ತಗ್ಗಿಸುತ್ತದೆ. ಕರಾವಳಿಯವರು ಉಪ್ಪು, ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನನ್ನು ಸ್ವಲ್ಪ ಕೊಡಬಹುದು. ಮೆಲಟೋನಿನ್ ಮಾತ್ರೆಯಿಂದ ಕೆಲವು ನಾಯಿಗಳಲ್ಲಿ ಕೂದಲು ಸ್ವಲ್ಪ ಮರಳುತ್ತದೆ. ಎರಡು ಮೂರು ತಿಂಗಳು ಕೊಟ್ಟು ನೋಡಬೇಕು, ಫಲ ಖಚಿತವಲ್ಲ. ಪ್ರಮಾಣವನ್ನು ವೈದ್ಯರೇ ಹೇಳಬೇಕು, ಮತ್ತು ಮನುಷ್ಯರಿಗಾಗಿ ತಯಾರಾದ ಸಿಹಿ ಮಾತ್ರೆಗಳಲ್ಲಿ ಜೈಲಿಟಾಲ್ ಇದೆಯೇ ಎಂದು ಲೇಬಲ್ ಓದಿಯೇ ಕೊಡಬೇಕು, ಏಕೆಂದರೆ ಅದು ನಾಯಿಗಳಿಗೆ ಮಾರಕ. ಎ ವಿಟಮಿನ್ ಸಂಬಂಧಿತ ಔಷಧಗಳನ್ನು ಸ್ವಂತ ನಿರ್ಧಾರದಿಂದ ಕೊಡಲೇಬಾರದು.

ಬೋಳಾದರೂ ನಾಯಿ ಒಳಗಿನಿಂದ ಆರೋಗ್ಯವಾಗಿಯೇ ಇರುತ್ತದೆ; ಆಯುಷ್ಯ ಕಡಿಮೆಯಾಗುವುದಿಲ್ಲ, ಇತರ ನಾಯಿಗಳಿಗಾಗಲಿ ಮನೆಯವರಿಗಾಗಲಿ ಅಂಟುವುದಿಲ್ಲ. ಕೂದಲು ಹೋಯಿತೆಂದು ನಾಯಿಯನ್ನು ಬೀದಿಗೆ ಬಿಡುವವರಿದ್ದಾರೆ. ಬಿಸಿಲು, ಮಳೆ, ಉಣ್ಣಿಗಳ ನಡುವೆ ರಕ್ಷಣೆಯಿಲ್ಲದ ಚರ್ಮದ ಪ್ರಾಣಿಯನ್ನು ಹೀಗೆ ಕೈಬಿಡುವುದು ಕ್ರೌರ್ಯ.

ಎಂಟನೆಯ ಹೆಜ್ಜೆ: ಮರಿ ಮಾಡಿಸುವ ಮುನ್ನ

ಹೆಣ್ಣು ಬೆದೆಗೆ ಬರುವ ಸಾಕಷ್ಟು ಮೊದಲೇ ಎರಡೂ ನಾಯಿಗಳ ಮಾದರಿಯನ್ನು ಪರೀಕ್ಷೆಗೆ ಕಳಿಸಿ, ವರದಿ ಬರುವವರೆಗೆ ಕಾಯಿರಿ. ಕೆನ್ನೆಯ ಒಳಬದಿಯನ್ನು ಹತ್ತಿಕಡ್ಡಿಯಿಂದ ಉಜ್ಜಿ ತೆಗೆದ ಮಾದರಿ ಸಾಕು, ರಕ್ತವೂ ಆಗಬಹುದು. ಆಹಾರ ಕೊಟ್ಟ ತಕ್ಷಣ ಉಜ್ಜಬಾರದು. ಹಾಲು ಕುಡಿಯುವ ಮರಿಯಾದರೆ ತಾಯಿಯಿಂದ ಸ್ವಲ್ಪ ಹೊತ್ತು ಬೇರೆ ಇರಿಸಿ, ಬಾಯಲ್ಲಿ ತಾಯಿಯ ಜೀವಕೋಶಗಳು ಉಳಿಯದಂತೆ ನೋಡಿಕೊಂಡು ಮಾದರಿ ತೆಗೆಯಬೇಕು. ರಕ್ತಸ್ರಾವ ನಿಲ್ಲದ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯ ವಂಶವಾಹಿ ಪರೀಕ್ಷೆಯನ್ನೂ ಅದೇ ಮಾದರಿಯಿಂದ ಮಾಡಿಸಬಹುದು. ಡಾಬರ್‌ಮನ್‌ಗೆ ಅದೂ ಅಗತ್ಯ.

ವರದಿಯಲ್ಲಿ ವಾಹಕ ಎಂದು ಬಂದ ಕಪ್ಪು ನಾಯಿಯನ್ನು ಸಂತಾನದಿಂದ ಸಂಪೂರ್ಣವಾಗಿ ಹೊರಗಿಡಬೇಕೆಂದು ನಾನು ಹೇಳುವುದಿಲ್ಲ. ಹೃದಯ ಗಟ್ಟಿಯಿರುವ, ಸ್ವಭಾವ ಒಳ್ಳೆಯದಿರುವ ನಾಯಿಗಳನ್ನು ಬಣ್ಣದ ಒಂದು ಪ್ರತಿಗಾಗಿ ಕೈಬಿಟ್ಟರೆ ಮೊದಲೇ ಕಿರಿದಾಗಿರುವ ತಳಿಯ ವೈವಿಧ್ಯ ಇನ್ನೂ ಕುಗ್ಗುತ್ತದೆ. ಅಂತಹ ನಾಯಿಯನ್ನು ದೋಷಮುಕ್ತ ಸಂಗಾತಿಯೊಂದಿಗೆ ಮಾತ್ರ ಕೂಡಿಸಿ, ಹುಟ್ಟಿದ ಮರಿಗಳಲ್ಲಿ ಮುಂದೆ ಸಂತಾನಕ್ಕೆ ಬಳಸುವವನ್ನು ಮತ್ತೆ ಪರೀಕ್ಷಿಸಿದರಾಯಿತು. ಆದರೆ ನೀಲಿ ಮತ್ತು ಫಾನ್ ಡಾಬರ್‌ಮನ್‌ಗಳಿಂದ ಮರಿ ಮಾಡಿಸಲೇಬಾರದು. ಅವುಗಳಿಗೆ ಪಶುವೈದ್ಯರು ಸೂಚಿಸಿದ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದೇ ಉತ್ತಮ.

ನಿಮ್ಮ ನಾಯಿಗೆ ರೋಗ ಖಚಿತವಾದರೆ ವರದಿಯ ಒಂದು ಪ್ರತಿಯನ್ನು ಮರಿ ಕೊಟ್ಟ ಬ್ರೀಡರ್‌ಗೂ, ಗೊತ್ತಿದ್ದರೆ ಅದೇ ಸೂಲಿನ ಇತರ ಮರಿಗಳನ್ನು ಸಾಕುತ್ತಿರುವವರಿಗೂ ಕಳಿಸಿ. ಅವರ ಕಪ್ಪು ನಾಯಿಗಳು ಮುಂದಿನ ಬೆದೆಗೆ ಬರುವ ಮೊದಲೇ ಪರೀಕ್ಷೆ ಮಾಡಿಸಿಕೊಳ್ಳಲು ಅವರಿಗೆ ಸಮಯ ಸಿಗುತ್ತದೆ.